ಮೊಣಕೈ ಆಳ

ಆ ರಾಶಿಯ ಎದುರು ನಿಂತಾಗ ನನಗೆ ಮೊದಲು ಬಂದ ಯೋಚನೆ, ಎಲ್ಲಾದರೂ ಒಂದು ಗಳಿಗೆ ಕೂರಬೇಕು ಎನ್ನುವುದು. ಶಿರಸಿಯಿಂದ ಯಲ್ಲಾಪುರಕ್ಕೆ ಬೆಳಗಿನ ಬಸ್ಸಿನಲ್ಲಿ ಇಡೀ ದಾರಿ ನಿಂತೇ ಬಂದಿದ್ದೆ. ಆ ವಾರದಲ್ಲಿ ಅದು ಮೂರನೆಯ ರಾಶಿ. ಹೆದ್ದಾರಿ ಪಕ್ಕದ ಬಯಲಿನಲ್ಲಿ ಕಬ್ಬಿಣದ ಅದಿರಿನ ಪುಡಿಯನ್ನು ಒಂದಂತಸ್ತಿನ ಮನೆಯೆತ್ತರ ಸುರಿದು, ಮಳೆಗಾಲವಿಡೀ ತಾಡಪಾಲು ಹೊದಿಸಿ ಇಟ್ಟಿದ್ದರು. ಮಳೆ ನಿಂತು ಹತ್ತು ದಿನವಾಗಿತ್ತು. ತಾಡಪಾಲು ತೆಗೆದು ಬಿಸಿಲಿಗೆ ಬಿಟ್ಟಿದ್ದೇವೆ, ಬಂದು ಸಹಿ ಹಾಕಿ ಹೋಗಿ ಎಂದು ಬಯಲಿನವರು ಫೋನ್ ಮಾಡಿದ್ದರು. ಸಹಿ ಹಾಕಿ ಹೋಗಿ ಎನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಪರೀಕ್ಷೆ ಮಾಡಿ ಹೋಗಿ ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ಹೇಳಿದ್ದಿಲ್ಲ.

ನನ್ನ ಕೆಲಸ ಹಡಗಿಗೆ ಹೋಗುವ ಅದಿರಿನ ತೇವ ಅಳೆಯುವುದು. ಬಯಲಿನ ಮೂಲೆಯ ತಗಡಿನ ಕೋಣೆಯಲ್ಲಿ ಒಂದು ಓವನ್, ಒಂದು ತಕ್ಕಡಿ, ಒಂದಷ್ಟು ಸ್ಟೀಲ್ ತಟ್ಟೆ. ರಾಶಿಯ ಬೇರೆ ಬೇರೆ ಜಾಗದಿಂದ ಅದಿರು ತೆಗೆದು, ಬೆರೆಸಿ, ತೂಗಿ, ನೂರೈದು ಡಿಗ್ರಿಯಲ್ಲಿ ತೂಕ ಇನ್ನು ಇಳಿಯದು ಎನ್ನುವವರೆಗೆ ಒಣಗಿಸಿ, ಮತ್ತೆ ತೂಗಬೇಕು. ಎಷ್ಟು ತೂಕ ಹೋಯಿತೋ ಅಷ್ಟು ನೀರಿತ್ತು ಎಂದು ಲೆಕ್ಕ. ಪ್ರತಿ ಅದಿರಿಗೂ ಇಷ್ಟು ತೇವದವರೆಗೆ ಮಾತ್ರ ಹಡಗಿಗೆ ತುಂಬಬಹುದು ಎಂಬ ಮಿತಿ ಇದೆ. ದೊಡ್ಡ ಪ್ರಯೋಗಾಲಯದವರು ಅದನ್ನು ಮೊದಲೇ ಕಂಡುಹಿಡಿದು ಬರೆದು ಕಳಿಸಿರುತ್ತಾರೆ. ಈ ರಾಶಿಯ ಮಿತಿ ನೂರಕ್ಕೆ ಒಂಬತ್ತು. ಅದರೊಳಗಿದ್ದರೆ ನಾನು ಪ್ರಮಾಣಪತ್ರಕ್ಕೆ ಸಹಿ ಹಾಕುತ್ತೇನೆ, ಲಾರಿಗಳು ಅರಬೈಲು ಘಟ್ಟ ಇಳಿದು ಬಂದರಿಗೆ ಹೋಗುತ್ತವೆ.

ಈ ಮಿತಿ ಯಾಕೆ ಎಂದು ಕೇಳಿದರೆ ಆಗ ನಾನು ತರಬೇತಿಯಲ್ಲಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಿದ್ದೆ. ತೇವ ಹೆಚ್ಚಿರುವ ಪುಡಿ ಹಡಗಿನ ಅಲುಗಾಟಕ್ಕೆ ಕುಸಿಯುತ್ತದೆ, ಕಣಗಳ ನಡುವಿನ ನೀರಿಗೆ ಜಾಗ ಸಾಲದಾಗುತ್ತದೆ, ಗಟ್ಟಿ ಸರಕು ಕೆಸರಾಗಿ ಒಂದು ಕಡೆಗೆ ಹರಿಯುತ್ತದೆ, ಹಡಗು ಮಗುಚುತ್ತದೆ. ಬಾಯಿಪಾಠ ಸರಿಯಾಗಿಯೇ ಇತ್ತು. ಆದರೆ ನಾನು ಹಡಗನ್ನು ದೂರದಿಂದ ನೋಡಿದ್ದೆನೇ ಹೊರತು ಒಂದನ್ನೂ ಹತ್ತಿದವಳಲ್ಲ.

ಮಾದರಿ ತೆಗೆಯಲು ಜೊತೆಗಿದ್ದವರು ಸಿದ್ದಾಪುರ ತಾಲೂಕಿನ ತ್ಯಾಗಲಿಯವರು. ಬಯಲಿನಲ್ಲಿ ಎಲ್ಲರಿಗೂ ಅವರು ತ್ಯಾಗಲಿಯಣ್ಣ, ನನಗೂ. ಅದಕ್ಕೆ ಮೊದಲು ಶಿರಸಿಯ ಅಡಿಕೆ ವಖಾರಿಯಲ್ಲಿ ಇಪ್ಪತ್ತೈದು ವರ್ಷ ರಾಶಿ ನೋಡಿದ ಮನುಷ್ಯ. ಅಂಗಿಯ ತೋಳು ಮಡಚಿ, ಮೊಣಕೈವರೆಗೂ ರಾಶಿಯೊಳಗೆ ಕೈ ತೂರಿಸಿ, ಅಡಿಯ ಅಡಿಕೆಯನ್ನು ಹಿಡಿದು ತಂದು, ಕಿವಿಯ ಹತ್ತಿರ ಅಲ್ಲಾಡಿಸಿ, ಇನ್ನು ಎರಡು ಬಿಸಿಲು ಬೇಕು ಎಂದರೆ ಎರಡೇ ಬಿಸಿಲು. ಮೇಲೆ ಒಳ್ಳೆಯದು ಹರಡಿ ಅಡಿಗೆ ಹಸಿಯದು ಇಟ್ಟವರು ಆ ಮೊಣಕೈಗೆ ಹೆದರುತ್ತಿದ್ದರಂತೆ. ಇದನ್ನು ಅವರೇ ನನಗೆ ಹೇಳಿದ್ದು, ಒಂದು ಸಲ ಅಲ್ಲ.

ನಿಯಮದ ಪ್ರಕಾರ ರಾಶಿಯನ್ನು ಜೆಸಿಬಿಯಿಂದ ಸೀಳಿಸಿ ಒಳಗಿನಿಂದ ಮಾದರಿ ತೆಗೆಯಬೇಕು. ಜೆಸಿಬಿ ಆ ದಿನ ಕೆಟ್ಟು ನಿಂತಿತ್ತು.

"ನಾಳೆ ಬರಲಿ ಅಣ್ಣಾರೆ. ಸೀಳಿಸೇ ತಗೋಬೇಕ್ರಿ ಇದನ್ನ," ಎಂದೆ. ನಾನು ಬನವಾಸಿ ಕಡೆಯವಳು. ಮಾತಿಗೊಂದು 'ರಿ' ತಾನಾಗಿ ಬಂದು ಕೂರುತ್ತದೆ.

"ಜೆಸಿಬಿ ನಾಳೆ ಬತ್ತೋ ನಾಡಿದ್ದು ಬತ್ತೋ. ಎಂತಕ್ಕೆ ಕಾಯ್ತೆ ತಂಗಿ? ಆನಿದ್ದೆ ಅಲ್ದ," ಎಂದು ತ್ಯಾಗಲಿಯಣ್ಣ ಆಗಲೇ ತೋಳು ಮಡಚುತ್ತಿದ್ದರು.

ರಾಶಿಯ ಸುತ್ತ ನಡೆದು, ಮೇಲೆ ಹತ್ತಿ, ಇಳಿದು, ನಲವತ್ತು ಕಡೆ ಕೈ ತೂರಿಸಿದರು. ಅರವತ್ತು ದಾಟಿದ ಮನುಷ್ಯ, ಒಂದು ಕಡೆಯೂ ಮೇಲಿನ ಪುಡಿ ಕೆರೆದು ಕೊಡಲಿಲ್ಲ. ಪ್ರತಿ ಸಲವೂ ಮೊಣಕೈ ಮುಳುಗಲೇಬೇಕು. ಒಂದೊಂದು ಹಿಡಿಯನ್ನೂ ಹಿಚುಕಿ, ಬೆರಳ ಸಂದಿಯಲ್ಲಿ ಉದುರಿಸಿ, ಚೀಲಕ್ಕೆ ಹಾಕಿದರು. "ಒಣಗಿದ್ದು ತಂಗಿ. ಕೈ ಸುಳ್ಳು ಹೇಳ್ತಿಲ್ಲೆ."

ನಾನೂ ಒಂದು ಹಿಡಿ ಹಿಚುಕಿ ನೋಡಿದೆ. ಭತ್ತ ಒಣಗಿದೆಯೋ ಇಲ್ಲವೋ ಎಂದು ಕಾಳನ್ನು ಹಲ್ಲಲ್ಲಿ ಕಚ್ಚಿ ಹೇಳುವ ಮನೆಯಲ್ಲಿ ಬೆಳೆದವಳು ನಾನು. ಕೈಯ ಮೇಲೆ, ಹಲ್ಲಿನ ಮೇಲೆ ನನಗೂ ಭರವಸೆ ಇತ್ತು. ಬೆರಳಿಗೆ ತಣ್ಣಗಿತ್ತು, ತೇವ ಅನಿಸಲಿಲ್ಲ. ಓವನ್ನಿನಿಂದ ತೆಗೆದಾಗ ಎಂಟು ಪಾಯಿಂಟ್ ಒಂದು ಬಂತು. ಮಿತಿಯ ಒಳಗೇ. ನಾಳೆ ಇನ್ನೊಂದು ಸಲ ಬಸ್ಸಿನಲ್ಲಿ ನಿಂತು ಬರುವುದು ತಪ್ಪಿತು ಎಂಬ ಸಮಾಧಾನದಲ್ಲಿ ಸಹಿ ಹಾಕಿದೆ. ಆ ಸಮಾಧಾನ ಈಗ ನೆನಪಾದರೆ ನಾಚಿಕೆಯಾಗುತ್ತದೆ.

ಮರುದಿನದಿಂದ ಲಾರಿಗಳು ಹೊರಟವು. ರಾಶಿಯ ತಗ್ಗಾದ, ತೆಳುವಾದ ಎರಡು ತುದಿಗಳನ್ನು ಮೊದಲು ತೋಡಿ ತುಂಬಿದರು. ಪ್ರತಿ ಲಾರಿಗೂ ಒಂದು ಚೀಟಿ. ಲಾರಿ ನಂಬರು, ತೂಕ, ಹೊತ್ತು ಅದರಲ್ಲಿರುತ್ತದೆ. ತ್ಯಾಗಲಿಯಣ್ಣ ರಾಶಿಯ ಪಕ್ಕ ಸ್ಟೂಲು ಹಾಕಿ ಕುಳಿತು, ಚೀಟಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿ ಡ್ರೈವರನಿಗೆ ಕೊಡುತ್ತಿದ್ದರು. ತುದಿಯಿಂದ ತೆಗೆದದ್ದಕ್ಕೆ ಸೊನ್ನೆ, ನಡುವಿನದಕ್ಕೆ ಕತ್ತರಿ. ಯಾರೂ ಹೇಳಿದ್ದಲ್ಲ.

"ಏನ್ರಿ ಅಣ್ಣಾರೆ, ಇದೂ ಹರಾಜಿಗೆ ಹೊಂಟೈತೇನು?" ಎಂದು ಛೇಡಿಸಿದೆ.

"ವಖಾರಿ ರೂಢಿ ತಂಗಿ. ಎಲ್ಲಿದು ಹೇಳಿ ಗೊತ್ತಿರವು. ಕಡಿಗೆ ಯಾರಾದ್ರೂ ಕೇಳಿದ್ರೆ ಎಂತ ಹೇಳದು?" ಎಂದರು ಅವರು, ತಲೆ ಎತ್ತದೆ.

ನಾಲ್ಕನೆಯ ದಿನ ಬೆಳಿಗ್ಗೆ ನಾನು ತಗಡಿನ ಕೋಣೆಯ ಬೀಗ ತೆಗೆಯುತ್ತಿರುವಾಗ ಹಾವೇರಿ ಕಡೆಯ ಡ್ರೈವರನೊಬ್ಬ ಲಾರಿ ನಿಲ್ಲಿಸಿ ನೇರವಾಗಿ ನನ್ನ ಹತ್ತಿರ ಬಂದ. ಮುಖ ಸಿಂಡರಿಸಿಕೊಂಡಿತ್ತು.

"ಮೇಡಮ್ಮಾರ, ನಿಮ್ಮ ಮಾಲು ಲಾರಿ ಬಿಟ್ಟು ಇಳೀವಲ್ದು ನೋಡ್ರಿ. ಹಿಂದಿನ ಡಾಲಾ ಬಾಗಲಾ ತೆಗೆದು ಎತ್ತಿದ್ರ ಅರ್ಧಾ ಅಲ್ಲೇ ಅಂಟಿ ಕುಂತಿರತೈತಿ. ಸಲಿಕಿ ತಗೊಂಡು ನಾನ ಕೆರೀಬೇಕು. ನನ್ನ ಬೆನ್ನು ಮುರದ್ಹೋತು."

"ಮೊದಲಿಂದಾನೂ ಹಂಗ ಐತೇನು?" ಎಂದೆ. ಅವನ ಬೆನ್ನಿಗೂ ನನ್ನ ಓವನ್ನಿಗೂ ಏನು ಸಂಬಂಧ ಎಂದು ಒಳಗೊಳಗೇ ಸಿಟ್ಟು ಬಂದಿತ್ತು.

"ಇಲ್ರಿ. ಮೊದಲನೇ ಎರಡು ದಿನ ಸರ್ರ್ ಅಂತ ಜಾರ್ತಿತ್ತು. ನಿನ್ನಿಯಿಂದ ಹಿಂಗ. ಘಟ್ಟ ಇಳಿಯೂದ್ರಾಗ ಅಲ್ಲಾಡಿ ಅಲ್ಲಾಡಿ ಮ್ಯಾಲೆ ನೀರಾಡಿದಂಗ ಕಾಣತೈತಿ."

ಸಿಟ್ಟು ಅಲ್ಲಿಗೇ ನಿಂತಿತು. ಕೈಯಲ್ಲಿದ್ದ ಬೀಗದ ಕೈ ಎಲ್ಲಿಟ್ಟೆ ಎಂದು ಆಮೇಲೆ ಅರ್ಧ ಗಂಟೆ ಹುಡುಕಿದೆ.

ರಾಶಿಯ ಹತ್ತಿರ ಹೋಗಿ ನೋಡಿದರೆ ಕಣ್ಣಿಗೆ ಹೊಡೆಯುವ ಹಾಗಿತ್ತು. ದುರಸ್ತಿಯಾಗಿ ಬಂದಿದ್ದ ಜೆಸಿಬಿ ನಡುವನ್ನು ಗೋಡೆ ಕಡಿದಂತೆ ಕಡಿದಿತ್ತು. ಹೊರಗಿನ ಒಂದು ಮೊಳದಷ್ಟು ತಿಳಿ ಕೆಂಪು. ಅದರಾಚೆ ಒಳಗೆ, ಅಡಿಯವರೆಗೂ, ಕಡು ಬಣ್ಣ. ಒಳಗಿನ ಒಂದು ಹಿಡಿ ತೆಗೆದು ಹಿಚುಕಿದೆ. ನೀರು ಬರಲಿಲ್ಲ. ಉದುರಿತು. ತ್ಯಾಗಲಿಯಣ್ಣನೂ ಹಿಚುಕಿ ನೋಡಿದರು. "ಸ್ವಲ್ಪ ತಂಪು ಇದ್ದು. ಆದ್ರೆ ಹಸಿ ಅಲ್ಲ," ಎಂದರು.

ತರಬೇತಿಯಲ್ಲಿ ಕಲಿಸಿದ್ದ ಒಂದು ಡಬ್ಬದ ಪರೀಕ್ಷೆ ಇದೆ. ಹಡಗಿನವರು ಮಾಡುವಂಥದ್ದು, ನಾವು ಬಯಲಿನಲ್ಲಿ ಎಂದೂ ಮಾಡಿರಲಿಲ್ಲ. ಹಾಲಿನ ಪುಡಿಯ ಖಾಲಿ ಡಬ್ಬಕ್ಕೆ ಅರ್ಧ ಅದಿರು ಹಾಕಿ, ಒಂದು ಗೇಣು ಎತ್ತಿ, ಸಿಮೆಂಟು ಕಟ್ಟೆಯ ಮೇಲೆ ಕುಟ್ಟಬೇಕು. ಒಂದೆರಡು ಸೆಕೆಂಡಿಗೊಮ್ಮೆ, ಇಪ್ಪತ್ತೈದು ಸಲ. ನಾನು ಕುಟ್ಟಿದೆ, ತ್ಯಾಗಲಿಯಣ್ಣ ಎಣಿಸಿದರು. ಹತ್ತರವರೆಗೆ ಏನೂ ಆಗಲಿಲ್ಲ. ಹದಿನೈದಕ್ಕೆ ಉಬ್ಬುತಗ್ಗು ಹೋಗಿ ಮೇಲ್ಮೈ ಸಪಾಟಾಯಿತು. ಹತ್ತೊಂಬತ್ತಕ್ಕೆ ಹೊಳೆಯತೊಡಗಿತು. ಇಪ್ಪತ್ತೈದೂ ಮುಗಿಯಿತು. ನಾನು ಡಬ್ಬವನ್ನು ಓರೆ ಮಾಡಿದೆ, ಒಳಗಿದ್ದದ್ದು ಗಂಜಿಯ ಹಾಗೆ ಒಂದು ಬದಿಗೆ ಹರಿಯಿತು.

ತ್ಯಾಗಲಿಯಣ್ಣ ಅದರಲ್ಲಿ ಬೆರಳದ್ದಿದರು. ಕೆಂಪು ನೀರು ಬೆರಳಿನಿಂದ ತೊಟ್ಟಿಕ್ಕಿತು. ಆಮೇಲೆ ತಮ್ಮ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. "ಕೈಗೆ ಒಣಗಿದ್ದೇ ಇತ್ತಲೆ ತಂಗಿ," ಎಂದರು.

ಮಧ್ಯಾಹ್ನದ ಹೊತ್ತಿಗೆ ಓವನ್ ಹತ್ತು ಪಾಯಿಂಟ್ ನಾಲ್ಕು ಎಂದಿತು. ಆಗ ನಮ್ಮಿಬ್ಬರಿಗೂ ಅರ್ಥವಾದದ್ದು ಇಷ್ಟು. ಅಡಿಕೆ ರಾಶಿಯಲ್ಲಿ ಮೊಣಕೈ ಮುಳುಗಿತೆಂದರೆ ಕೈ ರಾಶಿಯ ಅಡಿಗೆ ಮುಟ್ಟಿದ ಹಾಗೆ. ಅದಕ್ಕಿಂತ ಪ್ರಾಮಾಣಿಕ ಪರೀಕ್ಷೆ ಅಲ್ಲಿಲ್ಲ. ಮನೆಯೆತ್ತರದ ಅದಿರಿನಲ್ಲಿ ಮೊಣಕೈ ಹೋಗುವುದು ಹತ್ತು ದಿನದ ಬಿಸಿಲು ಎಷ್ಟು ದೂರ ಹೋಗಿತ್ತೋ ಅಷ್ಟೇ ದೂರ. ಮತ್ತೆ, ಪುಡಿಯೊಳಗೆ ಅಡಗಿದ ನೀರು ಕುಟ್ಟದ ಹೊರತು ಕೈಗೆ ಸಿಗುವುದಿಲ್ಲ. ತ್ಯಾಗಲಿಯಣ್ಣ ಮೋಸ ಮಾಡಿರಲಿಲ್ಲ, ಸೋಮಾರಿತನವನ್ನೂ ಮಾಡಿರಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದವಳು ನಾನು. ಸೀಳಿಸಬೇಕು ಎಂಬ ನಿಯಮ ನನ್ನ ಬಾಯಲ್ಲೇ ಬಂದಿತ್ತು.

ಸಾಹೇಬರಿಗೆ ಫೋನ್ ಮಾಡಿದೆ. ನಮ್ಮ ಪರೀಕ್ಷಾ ಸಂಸ್ಥೆ ಅವರದು, ಕೂರುವುದು ಬಂದರಿನ ಊರಿನಲ್ಲಿ. ನಾನು ಹೇಳಿ ಮುಗಿಸುವವರೆಗೂ ಸಾವಧಾನವಾಗಿ ಕೇಳಿದರು.

"ತುದಿಯದು ಎಂಟು, ನಡುವಿನದು ಹತ್ತು. ಸರಾಸರಿ ತೆಗೀರಿ ಮೇಡಂ, ಒಂಬತ್ತರ ಆಸುಪಾಸು ಬಂತಲ್ಲ? ಉಳಿದ ಮೂರು ಹೋಲ್ಡಿಗೆ ಬಂದರಿನ ಒಣ ಮಾಲು ಹೋಗಿದೆ. ಹಡಗು ನಾಡಿದ್ದು ಬೆಳಿಗ್ಗೆ ಬಿಡ್ತದೆ. ಸಹಿ ಹಾಕಿದ ಮೇಲೆ ತಿದ್ದುಪಡಿ ಎಂಥದು?"

ಹೋಲ್ಡ್ ಎಂದರೆ ಹಡಗಿನೊಳಗೆ ಸರಕು ತುಂಬುವ ಉಕ್ಕಿನ ಕೋಣೆ. ಈ ಹಡಗಿಗೆ ಅಂಥವು ಐದು. ನಮ್ಮ ರಾಶಿ ಹೋಗುತ್ತಿದ್ದದ್ದು ಎರಡನೆಯದಕ್ಕೆ ಮತ್ತು ನಾಲ್ಕನೆಯದಕ್ಕೆ. ಸಾಹೇಬರ ಲೆಕ್ಕ ನನಗೂ ಬರುವಂಥದ್ದೇ. ಯಾರಿಗೂ ಏನೂ ಹೇಳದೆ ಅದೇ ಲೆಕ್ಕವನ್ನು ಕಾಗದದ ಮೇಲೆ ಮಾಡಿಯೂ ನೋಡಿದೆ. ಸುಳ್ಳು ಹೇಳಬಾರದು. ಒಂಬತ್ತಕ್ಕಿಂತ ಒಂದಿಷ್ಟು ಕೆಳಗೇ ಬರುವ ಹಾಗೆ ಕೂರಿಸಬಹುದಿತ್ತು. ಆ ಕಾಗದ ನೋಡುತ್ತ ಎಷ್ಟು ಹೊತ್ತು ಕುಳಿತೆನೋ, ತ್ಯಾಗಲಿಯಣ್ಣ ಎರಡು ಸಲ ಚಹಾ ತಂದಿಟ್ಟು ಹೋದರು. ಎರಡೂ ಆರಿದವು.

"ತಪ್ಪು ಎನ್ನದು ಹೇಳಿ ಬರೆ ತಂಗಿ," ಎಂದರು ಕೊನೆಗೆ. "ಎನ್ನ ಹೆಸರೇ ಬರೆ. ಈ ವಯಸ್ಸಿಗೆ ಎನಗೆ ಎಂತ ಆಗ್ತು?"

"ಸಹಿ ನಂದೇ ಐತಲ್ರಿ ಅಣ್ಣಾರೆ," ಎಂದೆ.

ಆಮೇಲೆ ಬರೆದೆ. ಪ್ರಮಾಣಪತ್ರದ ಸಂಖ್ಯೆ ಹಾಕಿ, ಮಾದರಿಯನ್ನು ನಿಯಮದಂತೆ ತೆಗೆದಿರಲಿಲ್ಲವೆಂದೂ, ರಾಶಿಯ ನಡುವಿನ ಅದಿರು ಮಿತಿ ಮೀರಿದೆಯೆಂದೂ, ನನ್ನ ಸಹಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆಂದೂ ನಾಲ್ಕು ಸಾಲು. ಸಾಹೇಬರಿಗೆ ಕಳಿಸಿದೆ. ಅವರು ಅದನ್ನು ಹಡಗಿಗೆ ಮುಟ್ಟಿಸುತ್ತಾರೆಂಬ ನಂಬಿಕೆ ಇರಲಿಲ್ಲ, ಲಾರಿಗಳೂ ನಿಂತಿರಲಿಲ್ಲ. ಅದಕ್ಕೇ ಮರುದಿನ ಬೆಳಿಗ್ಗೆ ಅದೇ ಹಾವೇರಿ ಡ್ರೈವರನ ಲಾರಿಯಲ್ಲಿ, ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು, ತ್ಯಾಗಲಿಯಣ್ಣನ ಜೊತೆ ಘಟ್ಟ ಇಳಿದೆ. ತಿರುವು ತಿರುವಿಗೂ ಹಿಂದಿನ ಭಾರ ಲಾರಿಯನ್ನು ಎಳೆಯುವುದು ಗೊತ್ತಾಗುತ್ತಿತ್ತು.

ಬಂದರಿನ ಗೇಟಿನಲ್ಲಿ ಪಾಸಿಗಾಗಿ ಬಿಸಿಲಲ್ಲಿ ಒಂದೂವರೆ ಗಂಟೆ ನಿಲ್ಲಿಸಿದರು. ಕೊನೆಗೆ ಧಕ್ಕೆಯ, ಅಂದರೆ ಹಡಗು ನಿಲ್ಲುವ ಕಟ್ಟೆಯ ಮೇಲೆ, ಹಡಗಿನ ಬದಿಗೆ ಇಳಿಬಿಟ್ಟ ಏಣಿಯ ಅಡಿಯಲ್ಲಿ ನಿಂತು ಕತ್ತೆತ್ತಿ ನೋಡಿದೆ. ಎದುರಿಗಿದ್ದದ್ದು ಹಡಗು ಎಂದು ಅನಿಸಲೇ ಇಲ್ಲ, ಒಂದು ಉಕ್ಕಿನ ಗೋಡೆ ಅಷ್ಟೇ. ಮೇಲೆ ಹಗ್ಗದ ಮೇಲೆ ಯಾರದೋ ಬನಿಯನ್ನು, ಟವೆಲು ಒಣಗುತ್ತಿದ್ದವು. ಒಬ್ಬ ನಾವಿಕ ಕಂಬಿಗೆ ಒರಗಿ ಫೋನಿನಲ್ಲಿ ಮಗುವಿಗೆ ಮುತ್ತು ಕೊಡುತ್ತಿದ್ದ. ಇಷ್ಟು ದಿನ ಹಡಗೆಂದರೆ ನನಗೆ ಪ್ರಮಾಣಪತ್ರದ ಮೇಲಿನ ಒಂದು ಹೆಸರಾಗಿತ್ತು. ಅದರ ಮೇಲೆ ಜನ ಬಟ್ಟೆ ಒಗೆದು ಒಣಹಾಕಿಕೊಳ್ಳುತ್ತಾರೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಸರಕಿನ ಹೊಣೆ ಹಡಗಿನ ಚೀಫ್ ಆಫೀಸರರದು, ಕ್ಯಾಪ್ಟನ್ನಿನ ನಂತರದ ಅಧಿಕಾರಿ. ನಮ್ಮ ಕರಾವಳಿಯವರೇ ಆಗಿದ್ದದ್ದು ನಮ್ಮ ಪುಣ್ಯ. ನಲವತ್ತರ ಆಸುಪಾಸು, ಕಣ್ಣ ಕೆಳಗೆ ಕಪ್ಪು. ನನಗಿಂತ ದಣಿದ ಮನುಷ್ಯನನ್ನು ಆ ವಾರ ನೋಡಿದ್ದು ಅದೇ ಮೊದಲು. ಕಾಗದ ಓದಿದರು, ಡಬ್ಬ ನೋಡಿದರು, ಎದ್ದು ಬಣ್ಣದ ಖಾಲಿ ಡಬ್ಬ ಹಿಡಿದು ನಾಲ್ಕನೆಯ ಹೋಲ್ಡಿಗೆ ಇಳಿದರು. ಮೇಲೆ ಬಂದು ಕಬ್ಬಿಣದ ಮೇಜಿನ ಮೇಲೆ ತಾವೇ ಇಪ್ಪತ್ತೈದು ಸಲ ಕುಟ್ಟಿದರು. ಮೇಜಿನ ಮೇಲೆ ಕೆಂಪು ನೀರು ಸಿಡಿಯಿತು.

"ಮೊದಲ ದಿನ ಎರಡನೆಯ ಹೋಲ್ಡಿನಲ್ಲಿ ನಾನೇ ಮಾಡಿದ್ದೆ, ಒಣಗಿತ್ತು," ಎಂದರು. "ಆಮೇಲೆ ನಿಮ್ಮ ಸರ್ಟಿಫಿಕೇಟು ನೋಡಿ ಬಿಟ್ಟುಬಿಟ್ಟೆ. ನೀವು ಬರದಿದ್ರೆ ನಾಳೆ ನಾನೂ ಸಹಿ ಹಾಕ್ತಿದ್ದೆ."

ಊಟದ ಹೊತ್ತಾಗಿತ್ತು. ಅಡುಗೆಯವನು ಮೂರು ತಟ್ಟೆಯಲ್ಲಿ ಅನ್ನ, ಸಾರು ತಂದಿಟ್ಟ. ಸರಾಸರಿ ಒಂಬತ್ತರೊಳಗೆ ಬರುತ್ತದಂತಲ್ಲ ಎಂದು ಸಾಹೇಬರ ಮಾತನ್ನು ನಾನೇ ಬಾಯಿಬಿಟ್ಟು ಕೇಳಿದೆ. ಆಗಲೂ ನನ್ನೊಳಗೆ ಒಂದು ಮೂಲೆಯಲ್ಲಿ, ಹೌದು ಸಾಕು, ಹೋಗಿ ಎಂದು ಇವರು ಹೇಳಲಿ ಎಂಬ ಆಸೆ ಇತ್ತು.

ಚೀಫ್ ಆಫೀಸರ್ ತಮ್ಮ ತಟ್ಟೆಯನ್ನು ಎತ್ತಿ ಓರೆ ಮಾಡಿದರು. "ನೋಡಿ ಮೇಡಂ. ಅನ್ನ ನಿಂತಲ್ಲೇ ನಿಂತದೆ. ಸಾರು ಓಡ್ತು. ಹಡಗು ಅಲೆಗೆ ಒಂದು ಬದಿಗೆ ವಾಲಿದಾಗ, ಆ ಬದಿಯಲ್ಲಿ ಹೆಚ್ಚು ಮುಳುಗ್ತದಲ್ಲ, ಅಲ್ಲಿ ನೀರು ಅದನ್ನು ಹೆಚ್ಚು ಎತ್ತಿ ವಾಪಸ್ ನೆಟ್ಟಗೆ ನಿಲ್ಲಿಸ್ತದೆ. ಅದು ಯಾವಾಗ? ಒಳಗಿನ ಭಾರ ಜಾಗ ಬಿಡದೆ ಇದ್ರೆ. ಭಾರವೂ ಅದೇ ಬದಿಗೆ ಓಡಿದ್ರೆ ಎತ್ತುವವರು ಯಾರು? ಒಂದು ಸಲ ಓಡಿದ್ದು ಪೂರ್ತಿ ವಾಪಸ್ ಬರುದಿಲ್ಲ. ಮುಂದಿನ ಅಲೆಗೆ ಇನ್ನಷ್ಟು. ನಾಲ್ಕು ತಟ್ಟೆ ಅನ್ನ ಗಟ್ಟಿ ಇದೆ ಅಂತ ಐದನೇ ತಟ್ಟೆ ಸಾರು ಸುಮ್ಮನಿರ್ತದಾ?"

ಅವರು ತಟ್ಟೆ ಕೆಳಗಿಟ್ಟು ಉಣ್ಣತೊಡಗಿದರು. ನಾನು ಅನ್ನ ಕಲಸುತ್ತ ಕುಳಿತೆ. ಬಾಯಿಪಾಠ ಮಾಡಿದ್ದ ಸಾಲು ಮೊದಲ ಸಲ ಹೊಟ್ಟೆಗಿಳಿಯಿತು. ಹೆದರಿಕೆಯಾಯಿತು ಎಂದು ಹೇಳಲು ನನಗೇನೂ ಸಂಕೋಚವಿಲ್ಲ. ಆ ಹಡಗಿನಲ್ಲಿ ಇಪ್ಪತ್ತೊಂದು ಜನ ಇದ್ದರು. ಅವರಲ್ಲೊಬ್ಬ ಈಗತಾನೇ ನನಗೆ ಉಪ್ಪಿನಕಾಯಿ ಬೇಕಾ ಎಂದು ಕೇಳಿ ಹೋಗಿದ್ದ.

"ಹಾಗಾದ್ರ ನಮ್ಮದು ಎಲ್ಲಾ ತೆಗೆದು ಬಿಡ್ರಿ," ಎಂದೆ.

"ಎಲ್ಲಾ ತೆಗೆಯುದು ಅಷ್ಟು ಸಸಾರ ಅಲ್ಲ." ಅವರು ಕಾಗದದ ಮೇಲೆ ಉದ್ದ ಗೆರೆ ಎಳೆದು ಐದು ಭಾಗ ಮಾಡಿದರು. "ಹಡಗು ಅಂದ್ರೆ ಮನೆಯ ತೊಲೆ ಇದ್ದ ಹಾಗೆ. ಅಡಿಯಿಂದ ನೀರು ಉದ್ದಕ್ಕೂ ಎತ್ತಿ ಹಿಡಿದದೆ. ಮೇಲೆ ಅದಿರು ಒಂದು ಕೋಣೆಯಲ್ಲಿ ತುಂಬಿ, ಪಕ್ಕದ್ದು ಖಾಲಿ ಬಿಟ್ರೆ ತೊಲೆ ಬಗ್ತದೆ. ಅದಿರು ಸಣ್ಣ ಜಾಗದಲ್ಲಿ ದೊಡ್ಡ ಭಾರ. ಎರಡನೇದು, ನಾಲ್ಕನೇದು ಎರಡೂ ಬರಿದು ಮಾಡಿ ಒಂದು, ಮೂರು, ಐದು ತುಂಬಿಟ್ರೆ ಉಕ್ಕು ತಡೆಯುದಿಲ್ಲ. ತೆಗೆಯುವಾಗ ಅಡಿಯ ತೊಟ್ಟಿಗಳಿಗೆ ಸಮುದ್ರದ ನೀರು ತುಂಬ್ತಾ ಹೋಗ್ಬೇಕು, ಸ್ವಲ್ಪ ಸ್ವಲ್ಪ. ಎಷ್ಟು ಕಡಿಮೆ ತೆಗೆದರೆ ಅಷ್ಟು ಒಳ್ಳೇದು. ಯಾವುದು ಹಸಿ, ಯಾವುದು ಒಣ, ನಿಮಗೆ ಗೊತ್ತುಂಟಾ?"

ನನಗೆ ಗೊತ್ತಿರಲಿಲ್ಲ. ಬಯಲಿನಿಂದ ಹೊರಟ ಲಾರಿಗಳ ಸಂಖ್ಯೆ ಗೊತ್ತು, ತೂಕ ಗೊತ್ತು, ಅಷ್ಟೇ.

ತ್ಯಾಗಲಿಯಣ್ಣ ಕೈ ತೊಳೆದು ಬಂದು, "ಲಾರಿ ಚೀಟಿ ಇದ್ದ ಇಲ್ಲಿ?" ಎಂದು ಕೇಳಿದರು.

ಇದ್ದವು. ಯಾವ ಲಾರಿ ಯಾವ ಹೋಲ್ಡಿಗೆ ಸುರಿಯಿತು ಎಂದು ಹಡಗಿನವರು ಚೀಟಿಗಳನ್ನು ಹೋಲ್ಡಿನ ಪ್ರಕಾರ ಕಟ್ಟು ಮಾಡಿ ಇಟ್ಟಿದ್ದರು. ಚೀಫ್ ಆಫೀಸರ್ ಎರಡು ಕಟ್ಟು ತಂದು ಮೇಜಿನ ಮೇಲಿಟ್ಟರು. ತ್ಯಾಗಲಿಯಣ್ಣ ಕನ್ನಡಕ ಏರಿಸಿ, ಒಂದೊಂದೇ ಚೀಟಿಯ ಮೂಲೆ ನೋಡುತ್ತ ಹೋದರು. ಸೊನ್ನೆ, ಸೊನ್ನೆ, ಸೊನ್ನೆ. ಎರಡನೆಯ ಹೋಲ್ಡಿನ ಕಟ್ಟು ಬಹುತೇಕ ಸೊನ್ನೆಯೇ. ಕೊನೆಗೆ ಹನ್ನೊಂದು ಚೀಟಿ ಮಾತ್ರ ಕತ್ತರಿ. ನಾಲ್ಕನೆಯದರ ಕಟ್ಟು ಮೊದಲಿನಿಂದ ಕೊನೆಯವರೆಗೂ ಕತ್ತರಿ.

"ಇದು ಎಂಥ ಗುರುತು?" ಎಂದರು ಚೀಫ್ ಆಫೀಸರ್.

"ಅಡಿಕೆ ವಖಾರಿದು," ಎಂದರು ತ್ಯಾಗಲಿಯಣ್ಣ. ಹಿಂದಿನ ದಿನದಿಂದ ಅವರ ಮುಖ ಅಷ್ಟು ಅರಳಿದ್ದು ನಾನು ನೋಡಿರಲಿಲ್ಲ. ಚೀಫ್ ಆಫೀಸರಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ. ಆದರೆ ಎರಡನೆಯ ಹೋಲ್ಡಿನ ಮೇಲ್ಪದರ, ಅಡಿಯ ಪದರ ಎರಡನ್ನೂ ಡಬ್ಬದಲ್ಲಿ ಕುಟ್ಟಿ ನೋಡಿದಾಗ ಚೀಟಿಯ ಗುರುತು ಹೇಳಿದ್ದೇ ನಿಜವಾಯಿತು.

ಅಲ್ಲಿಂದ ಮುಂದಿನದು ಬರೀ ದುಡಿತ. ಹಡಗು ಮರುದಿನ ಬಿಡಲಿಲ್ಲ. ಎರಡನೆಯದರ ಹಸಿ ಮೇಲ್ಪದರವನ್ನು, ಆಮೇಲೆ ನಾಲ್ಕನೆಯ ಹೋಲ್ಡನ್ನು ಹಡಗಿನದೇ ಕ್ರೇನುಗಳಿಂದ ಸ್ವಲ್ಪ ಸ್ವಲ್ಪವಾಗಿ ತೋಡುವುದು, ನಿಲ್ಲಿಸುವುದು, ಅಡಿಯ ತೊಟ್ಟಿಗೆ ನೀರು ಬಿಡುವುದು, ಧಕ್ಕೆಯಿಂದ ಹಡಗಿನ ಮುಂದೆ, ನಡುವೆ, ಹಿಂದೆ ಎಷ್ಟು ಮುಳುಗಿದೆ ಎಂದು ಗುರುತು ಓದುವುದು, ಚೀಫ್ ಆಫೀಸರ್ ಕಂಪ್ಯೂಟರಿನ ಮುಂದೆ ಕುಳಿತು ತೊಲೆ ಎಷ್ಟು ಬಗ್ಗಿತು ಎಂದು ನೋಡುವುದು, ಮತ್ತೆ ತೋಡುವುದು. ಎರಡನೆಯ ದಿನ ಒಂದು ಕ್ರೇನು ಕೈಕೊಟ್ಟಿತು. ಮೂರನೆಯ ದಿನ ಅಕಾಲದ ಮಳೆ ಬಂದು ಹೋಲ್ಡುಗಳ ಮುಚ್ಚಳ ಹಾಕಿ ಎಲ್ಲರೂ ಸುಮ್ಮನೆ ಕುಳಿತೆವು. ಹೊಸದಾಗಿ ತುಂಬುವ ಬಂದರಿನ ಅದಿರಿನ ಪ್ರತಿ ಗುಡ್ಡೆಯನ್ನೂ ಅಡಿಯವರೆಗೆ ಸೀಳಿಸಿ ನಾನೇ ಮಾದರಿ ತೆಗೆದೆ, ಕುಟ್ಟಿದೆ, ಒಣಗಿಸಿದೆ. ತೋಳು ಎತ್ತಲಾಗದ ಹಾಗಾಯಿತು. ಸಾಹೇಬರು ದಿನಕ್ಕೆರಡು ಸಲ ಧಕ್ಕೆಗೆ ಬರುತ್ತಿದ್ದರು, ನನ್ನನ್ನು ಬಿಟ್ಟು ಎಲ್ಲರ ಜೊತೆಗೂ ಮಾತಾಡಿ ಹೋಗುತ್ತಿದ್ದರು.

ಆರನೆಯ ದಿನ ಮಧ್ಯಾಹ್ನ ಹಡಗು ಬಿಟ್ಟಿತು. ಕೈಬೀಸಲು ನಾನು ಅಲ್ಲಿರಲಿಲ್ಲ. ಗೇಟಿನ ಹೊರಗಿನ ಅಂಗಡಿಯ ಬೆಂಚಿನ ಮೇಲೆ ಒರಗಿದವಳು ನಿದ್ದೆ ಹೋಗಿಬಿಟ್ಟಿದ್ದೆ. ತ್ಯಾಗಲಿಯಣ್ಣ ಎಬ್ಬಿಸಿದಾಗ ಅದು ಆಗಲೇ ಒಂದು ಗೆರೆಯಷ್ಟಾಗಿತ್ತು, ನೆಟ್ಟಗಿತ್ತು.

ಮೂರು ವಾರದ ಮೇಲೆ ಚೀಫ್ ಆಫೀಸರರ ಸಂದೇಶ ಬಂತು. ತಲುಪಿದೆವು, ದಾರಿಯಲ್ಲಿ ಎರಡು ದಿನ ಸಮುದ್ರ ಕೆಟ್ಟದಿತ್ತು ಎಂದಷ್ಟೇ ಇತ್ತು. ಓದಿ ಅತ್ತೆ. ಆಮೇಲೆ ಯೋಚಿಸಿದೆ, ಇದರಿಂದ ಏನೂ ಸಾಬೀತಾಗಲಿಲ್ಲ. ಹಸಿ ಅದಿರು ಹೊತ್ತೇ ಹೋಗಿದ್ದರೂ ತಲುಪುತ್ತಿತ್ತೋ ಏನೋ. ಸಾಹೇಬರು ಇವತ್ತಿಗೂ ಅದನ್ನೇ ಹೇಳುತ್ತಾರೆ, ಅಲ್ಲ ಎನ್ನಲು ನನ್ನ ಹತ್ತಿರ ಆಧಾರವಿಲ್ಲ. ಪ್ರಮಾಣಪತ್ರಕ್ಕೆ ಸಹಿ ಹಾಕುವ ಕೆಲಸದಿಂದ ನನ್ನನ್ನು ತೆಗೆದರು. ಈಗ ಸಹಿ ಹಾಕುವವರು ಬೇರೆ. ನಾನು ಮಾದರಿ ತೆಗೆಯುವವಳು, ತ್ಯಾಗಲಿಯಣ್ಣನ ಜೊತೆಗೆ, ಅದೇ ಬಯಲಿನಲ್ಲಿ. ಬಸ್ಸು ಅದೇ. ಈಗಲೂ ಸೀಟು ಸಿಗುವುದಿಲ್ಲ.

ಕೆಲಸ ಬದಲಾದ ಮೊದಲ ದಿನ ತ್ಯಾಗಲಿಯಣ್ಣ ತಡವಾಗಿ ಬಂದರು. ಹೆಗಲ ಮೇಲೆ ಎರಡಾಳು ಉದ್ದದ ಒಂದು ಕಬ್ಬಿಣದ ಕೊಳವೆ ಇತ್ತು. ಒಂದು ತುದಿ ಚೂಪು, ಇನ್ನೊಂದು ತುದಿಗೆ ಹಿಡಿಕೆ, ಉದ್ದಕ್ಕೂ ಒಂದು ಬದಿ ಸೀಳು. ಚುಚ್ಚಿ, ತಿರುಗಿಸಿ, ಎಳೆದರೆ ರಾಶಿಯ ಆಳದ ಅದಿರೆಲ್ಲ ಪದರ ಪದರವಾಗಿ ಅದರಲ್ಲಿ ನಿಂತು ಬರುತ್ತದೆ. ಕಾನಸೂರಿನ ಕಮ್ಮಾರನ ಹತ್ತಿರ ಕುಳಿತು ಮಾಡಿಸಿದ್ದಂತೆ. ಬಸ್ಸಿನವರು ಹತ್ತಿಸಲಿಲ್ಲ, ಯಾರದೋ ಗೂಡ್ಸ್ ಗಾಡಿಯಲ್ಲಿ ಹಾಕಿಕೊಂಡು ಬಂದಿದ್ದರು.

ಹಿಡಿಕೆಯಿಂದ ಸ್ವಲ್ಪ ಕೆಳಗೆ ಅರದಿಂದ ಉಜ್ಜಿ ಮಾಡಿದ ಒಂದು ಆಳವಾದ ಗೆರೆ ಇತ್ತು. ಅದು ಯಾಕೆ ಎಂದು ಕೇಳಿದೆ.

ತ್ಯಾಗಲಿಯಣ್ಣ ಬಲಗೈಯನ್ನು ಕೊಳವೆಯ ಪಕ್ಕ ಇಟ್ಟು ತೋರಿಸಿದರು. ಬೆರಳ ತುದಿ ಹಿಡಿಕೆಗೆ ತಾಗಿದರೆ, ಗೆರೆ ಸರಿಯಾಗಿ ಅವರ ಮೊಣಕೈ ಹತ್ತಿರ ಬರುತ್ತಿತ್ತು.

"ಇಲ್ಲಿವರೆಗೆ ಬಂದದ್ದು ಚೆಲ್ಲವು ತಂಗಿ," ಎಂದರು. "ಇದರಿಂದ ಕೆಳಗಿಂದು ಮಾತ್ರ ಚೀಲಕ್ಕೆ."